ಕೇಳದೆ ಪಡೆದ ಸಾಲ

ನಮ್ಮ ಓಣಿಯ ಗಟಾರದ ಕೆಲಸ ಅರ್ಧಕ್ಕೆ ನಿಂತು ಎರಡು ಮಳೆಗಾಲ ಕಳೆದವು. ಅಗೆದ ಮಣ್ಣು ಅಲ್ಲೇ ಬಿದ್ದಿದೆ. ಸಿಮೆಂಟು ಕಾಣದ ಸರಳುಗಳು ತುಕ್ಕು ಹಿಡಿದಿವೆ. ಹೆಂಗಸರು ಮಕ್ಕಳು ಕಲ್ಲುಚಪ್ಪಡಿ ಹಾಕಿಕೊಂಡು ದಾಟುತ್ತಾರೆ. ಕೇಳಿದರೆ ಗುತ್ತಿಗೆದಾರ, "ಮೊದಲಿನ ಬಿಲ್ಲೇ ಬಂದಿಲ್ಲರೀ, ಎಲ್ಲಿಂದ ರೊಕ್ಕ ತಂದು ಹಾಕ್ಲಿ?" ಎನ್ನುತ್ತಾನೆ. ಕಚೇರಿಯವರು, "ಅನುದಾನ ಬಂದಿಲ್ಲ" ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇದು ಯಾವ ಊರಿನ ಓಣಿ ಎಂದು ಹೇಳುವ ಅಗತ್ಯವಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂದು ಹರಡಿಕೊಂಡಿರುವ ಕೃಷ್ಣೆ ಘಟಪ್ರಭೆಗಳ ಈ ಸೀಮೆಯವರಿಗಾಗಲಿ, ನಾಡಿನ ಬೇರೆ ಕಡೆಯವರಿಗಾಗಲಿ ಇಂಥ ನೋಟ ಹೊಸದಲ್ಲ. ಆದರೆ ನಮ್ಮನ್ನು ಕಾಡಿದ ಪ್ರಶ್ನೆಗಳು ಎರಡು. ರೊಕ್ಕವೇ ಇಲ್ಲದಿದ್ದರೆ ಕೆಲಸ ಹಿಡಿದದ್ದೇಕೆ? ಹಿಡಿದ ಮೇಲೆ ಆ ಕೊರತೆಯನ್ನು ನಿಜವಾಗಿ ಹೊರುವವರು ಯಾರು?

ಮೊದಲು ಊರಿನ ಲೆಕ್ಕ ನೋಡೋಣ. ಒಂದು ಕಾಲಕ್ಕೆ ಊರ ಬಾಗಿಲ ನಾಕಾದಲ್ಲಿ ಜಕಾತಿ ವಸೂಲಾಗುತ್ತಿತ್ತು. ನಮ್ಮ 'ಜಕಾತ್'ನಿಂದಲೇ ಬಂದ ಪದ ಅದು. ಸಂತೆಗೆ ಬರುವ ಗಾಡಿ ನಿಂತು, ರೊಕ್ಕ ಕೊಟ್ಟೇ ಒಳಗೆ ಬರಬೇಕಿತ್ತು. ಕಿರುಕುಳ ಎಷ್ಟೇ ಇರಲಿ, ಅದು ದಿನದಿನದ ನಗದು, ಊರಿನ ಸ್ವಂತ ಹಣ. 1979ರಲ್ಲಿ ಕರ್ನಾಟಕದಲ್ಲಿ ಜಕಾತಿ ರದ್ದಾಯಿತು. ಬದಲಿಗೆ ಸರಕಾರ ಪರಿಹಾರ ಕೊಡುವ ಏರ್ಪಾಡಾಯಿತು. ವ್ಯಾಪಾರಕ್ಕೆ ಅದರಿಂದ ಒಳ್ಳೆಯದೇ ಆಯಿತು. ಆದರೆ ಅಂದಿನಿಂದ ಊರು ತನ್ನ ಗಲ್ಲಾಪೆಟ್ಟಿಗೆ ನೋಡುವುದನ್ನು ಬಿಟ್ಟು ಬೆಂಗಳೂರಿನ ದಾರಿ ನೋಡತೊಡಗಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ನಗರಾಡಳಿತಗಳ ಮುಂದೆ 18 ಹೊಣೆಗಳ ಪಟ್ಟಿಯನ್ನಿಟ್ಟಿತು. ಅಷ್ಟೇ ತೂಕದ ಗಳಿಕೆಯ ದಾರಿಯನ್ನು ತೋರಿಸಲಿಲ್ಲ. ನೀರೆತ್ತುವ ಪಂಪು, ಬೀದಿದೀಪಗಳ ವಿದ್ಯುತ್ ಬಿಲ್ಲು ತಿಂಗಳು ತಿಂಗಳೂ ಬರುತ್ತದೆ. ಅನುದಾನ ಮಾತ್ರ ಕಂತಿನಲ್ಲಿ, ತನಗೆ ತೋಚಿದಾಗ ಬರುತ್ತದೆ.

ಇನ್ನು ಉಳಿದದ್ದು ಮನೆ ಕರ, ನೀರಿನ ಕರ. ಅವನ್ನು ಕಟ್ಟಬೇಕಾದವರು ನಾವು. ಆಸ್ತಿ ತೆರಿಗೆಯನ್ನು ಮಾಲೀಕನೇ ಲೆಕ್ಕ ಹಾಕಿ ಕಟ್ಟುವ ಪದ್ಧತಿ ಬಂದಾಗ, ಎಷ್ಟೋ ಕಡೆ ಎರಡು ಅಂತಸ್ತಿನ ಮನೆ ಕಾಗದದಲ್ಲಿ ಒಂದೇ ಅಂತಸ್ತಾಯಿತು. ಕರ ಏರಿಸಲು ಹೊರಟ ಸದಸ್ಯನನ್ನು ನಾವು ಮುಂದಿನ ಚುನಾವಣೆಯಲ್ಲಿ ಸೋಲಿಸುತ್ತೇವೆ. ಹೊಸ ರಸ್ತೆಗೆ ಗುದ್ದಲಿ ಪೂಜೆ ಮಾಡಿಸಿದವನಿಗೆ ಹಾರ ಹಾಕುತ್ತೇವೆ. ಹಳೆಯ ರಸ್ತೆಯ ದುರಸ್ತಿಗೆ ಯಾರ ಹೆಸರಿನ ಕಲ್ಲನ್ನೂ ನೆಡುವುದಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳ್ಳಿಗಳನ್ನು ಕಳೆದುಕೊಂಡ ಬೀಳಗಿ ತಾಲೂಕಿನವರಿಗೆ ಇದು ಗೊತ್ತು. ಪುನರ್ವಸತಿ ಕೇಂದ್ರವನ್ನು ಒಮ್ಮೆ ಕಟ್ಟಿದರೆ ಮುಗಿಯಿತು, ಅದನ್ನು ಕಾಯ್ದುಕೊಳ್ಳುವುದು ಎಂದಿಗೂ ಮುಗಿಯುವುದಿಲ್ಲ.

ಗುತ್ತಿಗೆದಾರನ ಲೆಕ್ಕ ಇದರ ಇನ್ನೊಂದು ಮಗ್ಗುಲು. ಕೆಲಸ ಕೈತಪ್ಪೀತೆಂದು ಅಂದಾಜಿಗಿಂತ ಕಡಿಮೆ ದರ ಬರೆಯುತ್ತಾನೆ. ಠೇವಣಿ ಕಚೇರಿಯಲ್ಲಿ ಉಳಿಯುತ್ತದೆ. ನಡುವೆ ನಿಯಮ ಬದಲಾಗುತ್ತದೆ: 2022ರ ಜುಲೈ 18ರಿಂದ ರಸ್ತೆ, ಕಟ್ಟಡಗಳಂಥ ಸರಕಾರಿ ಕಾಮಗಾರಿಗಳ ಜಿಎಸ್‌ಟಿ ಶೇ. 12ರಿಂದ ಶೇ. 18ಕ್ಕೆ ಏರಿತು. ಹಳೆಯ ದರಕ್ಕೆ ಒಪ್ಪಿದವರು ಇಕ್ಕಟ್ಟಿಗೆ ಸಿಲುಕಿದರು. ಬಿಲ್ಲು ತಡವಾದಾಗ ಅವನು ಇನ್ನೊಂದು ಕೆಲಸ ಹಿಡಿದು, ಅದರ ಮೊದಲ ಕಂತಿನಿಂದ ಹಿಂದಿನ ಸಾಲ ತೀರಿಸುತ್ತಾನೆ. ಒಂದು ಗುಂಡಿ ಮುಚ್ಚಲು ಇನ್ನೊಂದು ಗುಂಡಿ ತೋಡಿದಂತೆ. ಲಾಭವಿಲ್ಲದೆಯೂ ಇಂಥವನು ಬಹಳ ದಿನ ನಿಲ್ಲಬಲ್ಲ. ಕೈಯಲ್ಲಿ ನಗದು ನಿಂತ ದಿನ ಮಾತ್ರ ಬೀಳುತ್ತಾನೆ. ನೂಲನ್ನು ಉದ್ರಿ ತಂದು, ನೇಯ್ದ ಸೀರೆಯನ್ನು ಉದ್ರಿ ಕೊಡುವ ರಬಕವಿ-ಬನಹಟ್ಟಿಯ ನೇಕಾರನಿಗೆ ಇದನ್ನು ನಾವು ಬಿಡಿಸಿ ಹೇಳಬೇಕಿಲ್ಲ.

ಇದರೊಳಗೆ ಲಂಚದ ಪಾಲೂ ಇದೆ. 2021ರ ಜುಲೈಯಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು, ಶೇ. 40ರವರೆಗೆ ಕಮಿಷನ್ ಕೊಡಬೇಕಾಗಿದೆ ಎಂದು ದೂರಿತು. ಬೆಳಗಾವಿಯ ಗುತ್ತಿಗೆದಾರ ಸಂತೋಷ್ ಪಾಟೀಲ್ ಹಿಂಡಲಗಾ ಗ್ರಾಮದಲ್ಲಿ ತಾವು ಮಾಡಿಸಿದ 4 ಕೋಟಿ ರೂಪಾಯಿ ಕೆಲಸಕ್ಕೆ ಹಣ ಬರಲಿಲ್ಲವೆಂದು ಅಲೆದು, 2022ರ ಏಪ್ರಿಲ್‌ನಲ್ಲಿ ಉಡುಪಿಯ ವಸತಿಗೃಹವೊಂದರಲ್ಲಿ ಶವವಾಗಿ ಸಿಕ್ಕರು. ಅವರು ಆರೋಪಿಸಿದ್ದ ಮಂತ್ರಿ ರಾಜೀನಾಮೆ ಕೊಟ್ಟರು. ಪೊಲೀಸ್ ತನಿಖೆ ಮಂತ್ರಿಯ ವಿರುದ್ಧ ಸಾಕ್ಷ್ಯವಿಲ್ಲವೆಂದಿತು. ಆ ಕೆಲಸಕ್ಕೆ ಕಾರ್ಯಾದೇಶವೇ ಇರಲಿಲ್ಲವೆಂದು ಇಲಾಖೆ ಹೇಳಿತು. ಅಂದರೆ ರಸ್ತೆಗಳು ಬಾಯಿಮಾತಿನ ಮೇಲೆ ಎದ್ದಿದ್ದವು. ಮುಂದೆ ಸರಕಾರ ಬದಲಾಯಿತು. ಬಾಕಿ ಬದಲಾಗಲಿಲ್ಲ. ಒಟ್ಟು ಬಾಕಿ 30,000 ಕೋಟಿ ರೂಪಾಯಿ ಮೀರಿದೆ ಎಂದು ಅದೇ ಸಂಘ 2025ರಲ್ಲಿ ಹೇಳಿತು.

ಇದು ಬಡ ನಾಡಿನ ರೋಗ, ಸಿರಿವಂತ ದೇಶಗಳಲ್ಲಿ ಹೀಗಿರಲಾರದು ಎಂದು ನಾವೂ ತಿಳಿದಿದ್ದೆವು. ಆದರೆ ಇಂಗ್ಲೆಂಡಿನ ದೊಡ್ಡ ನಿರ್ಮಾಣ ಸಂಸ್ಥೆ ಕ್ಯಾರಿಲಿಯನ್ 2018ರ ಜನವರಿಯಲ್ಲಿ ದಿವಾಳಿಯಾಯಿತು. ತನಗೆ ಸಾಮಾನು ಕೊಡುವ ಸಣ್ಣವರನ್ನು 120 ದಿನ ಕಾಯಿಸುವುದು ಅದರ ಕಟ್ಟಳೆಯಾಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ನಗರಾಡಳಿತ ತನ್ನ ಬಳಿ ಹಣವಿಲ್ಲವೆಂದು ಸಾರಿತು. ಬೇರೆ ಕಾರಣಗಳೂ ಇದ್ದವು, ಆದರೆ ದೊಡ್ಡದು ಇದು: ಅಡುಗೆ, ಕಸಗುಡಿಕೆ, ರೋಗಿಗಳ ಆರೈಕೆ ಮಾಡುತ್ತಿದ್ದ ಹೆಂಗಸರಿಗೆ ಅದೇ ದರ್ಜೆಯ ಗಂಡಸರಿಗಿಂತ ಕಡಿಮೆ ಕೊಟ್ಟಿದ್ದರು. ಅವರು ನ್ಯಾಯಾಲಯದಲ್ಲಿ ಗೆದ್ದರು. ಅಂದು ಉಳಿಸಿದ ಕೂಲಿ ಮುಂದೆ ನಗರವನ್ನೇ ಮುಳುಗಿಸುವಷ್ಟು ಬೆಳೆಯಿತು.

ಈ ಎಲ್ಲ ಕತೆಗಳಲ್ಲಿಯೂ ಒಂದೇ ಸಂಗತಿ ಕಾಣುತ್ತದೆ. ಕೊರತೆ ಬಂದವನು ಅದನ್ನು ತಾನು ಹೊರುವುದಿಲ್ಲ, ತನಗಿಂತ ಕೆಳಗಿನವನ ಹೆಗಲಿಗೆ ದಾಟಿಸುತ್ತಾನೆ. ಸರಕಾರ ನಗರಸಭೆಗೆ, ನಗರಸಭೆ ಗುತ್ತಿಗೆದಾರನಿಗೆ, ಗುತ್ತಿಗೆದಾರ ಉಪಗುತ್ತಿಗೆದಾರನಿಗೆ, ಅವನು ಗೌಂಡಿಗೆ. ಗೌಂಡಿಯ ಕೆಳಗೆ ಯಾರೂ ಇಲ್ಲ, ಅವನ ಮನೆಯ ಒಲೆಯೊಂದೇ ಇದೆ. ಕಬ್ಬು ಕೊಟ್ಟ ಮುಧೋಳದ ರೈತನಿಗೆ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಶೇ. 15ರ ಬಡ್ಡಿ ಸೇರಿಸಬೇಕು ಎಂಬ ನಿಯಮವಾದರೂ ಇದೆ. ಅಷ್ಟಿದ್ದೂ ಅವನು ರಸ್ತೆಗಿಳಿಯಬೇಕಾಗುತ್ತದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಗೌಂಡಿಗೆ ಅದನ್ನು ಓದಿ ಹೇಳಿದವರು ಯಾರು?

ಪರರನ್ನು ದೂರುವ ಮೊದಲು ನಮ್ಮ ಮಾತನ್ನೇ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾವು ಮಾಳಿಗೆಯ ಮೇಲೊಂದು ಕೋಣೆ ಕಟ್ಟಿಸಿದೆವು. ಬ್ಯಾಂಕಿನ ಬಡ್ಡಿ ಬೇಡವೆಂದು ಸಾಲ ಮಾಡಲಿಲ್ಲ, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಕೊನೆಯಲ್ಲಿ ರೊಕ್ಕ ಸಾಲಲಿಲ್ಲ. "ಕಾಕಾ, ಹಬ್ಬ ಆಗ್ಲಿ, ಕೊಡ್ತೀವಿ" ಎಂದೆವು. ಹಿರಿಯ ಗೌಂಡಿ, "ಇರ್ಲಿ ಬಿಡ್ರಿ ಸಾಹೇಬ್ರ" ಎಂದು ಹೋದರು. ನಾಲ್ಕು ತಿಂಗಳ ಮೇಲೆ ಕೊಟ್ಟೆವು. ಆಮೇಲೆ ತಿಳಿಯಿತು, ಆಳುಗಳ ಪಗಾರ ಕೊಡಲು ಅವರು ನೂರಕ್ಕೆ ಐದು ರೂಪಾಯಿ ತಿಂಗಳ ಬಡ್ಡಿಗೆ ಸಾಲ ತಂದಿದ್ದರು. ಬಡ್ಡಿಯಿಂದ ದೂರ ಉಳಿದೆವೆಂದು ಬೀಗಿದ್ದ ನಾವು, ನಮ್ಮ ಬಡ್ಡಿಯನ್ನು ಅವರಿಂದ ಕಟ್ಟಿಸಿದ್ದೆವು.

ಅಂದು ನಮಗೆ ಹೊಳೆದದ್ದು ಇಷ್ಟೇ. ಕೊಡಬೇಕಾದದ್ದನ್ನು ತಡೆಹಿಡಿಯುವುದೂ ಒಂದು ಸಾಲವೇ. ಸಾಲಗಾರನನ್ನು ಕೇಳದೆ, ಕಾಗದವಿಲ್ಲದೆ, ಅವಧಿಯಿಲ್ಲದೆ ಪಡೆದ ಸಾಲ. ಅದೂ ಸಾಲ ಕೊಡುವ ಶಕ್ತಿಯೇ ಇಲ್ಲದವನಿಂದ. ಕುರ್‌ಆನಿನ ಅತಿ ದೀರ್ಘ ವಚನ ಅಲ್‌ಬಕರ ಅಧ್ಯಾಯದ 282ನೆಯದು. ಅದು ಸಾಲವನ್ನು ಬರೆದಿಡುವುದರ ಬಗ್ಗೆ ಇದೆ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ಅವಧಿ ಗೊತ್ತುಮಾಡಿ ಬರೆಯಬೇಕೆಂಬುದು ಅದರ ಆಶಯ. ಚಂದಾ ಕೂಡುವ ಮೊದಲೇ ಮಿನಾರಿನ ಎತ್ತರ ಗೊತ್ತುಮಾಡುವ ನಮ್ಮ ಸಮಿತಿಗಳು ಕೂಲಿಯವನ ಬಾಕಿಯನ್ನು ಯಾವ ಪುಸ್ತಕದಲ್ಲಿ ಬರೆದಿಡುತ್ತವೆ? ನಾವು ಉರ್ದು ಶಾಲೆಯಲ್ಲಿ ಕಲಿತ 'ಅಮಾನತ್' ಎಂದರೆ ನಂಬಿ ಒಪ್ಪಿಸಿದ ವಸ್ತು. ಕನ್ನಡದ ಕಚೇರಿಯಲ್ಲಿ 'ಅಮಾನತು' ಎಂದರೆ ನೌಕರನನ್ನು ಕೆಲಸದಿಂದ ತಡೆಹಿಡಿಯುವುದು. ಮೊದಲನೆಯದನ್ನು ಮರೆತ ಕಡೆ ಎರಡನೆಯದರಿಂದ ಏನೂ ಸರಿಹೋಗದು.

ಬೇರೊಂದು ದಾರಿಯನ್ನು ನಮ್ಮ ಸೀಮೆಯೇ ತೋರಿಸಿದೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ಹಣ ಹಾಕಿ, ತಾವೇ ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರವೆಂಬ ಹೆಸರು ಅದಕ್ಕೆ ಒಪ್ಪುತ್ತದೆ. ಅಲ್ಲಿ ನೀರು ಬೇಕಾದವನೇ ಹಣ ಕೊಟ್ಟವನು, ಅವನೇ ಬೆವರು ಸುರಿಸಿದವನು. ಕೊರತೆಯನ್ನು ದಾಟಿಸಲು ಕೆಳಗೆ ಬೇರೆ ಯಾರೂ ಇರಲಿಲ್ಲ.

ಹಾಗೆಂದು ಎಲ್ಲವನ್ನೂ ವಂತಿಗೆಯಿಂದ ಕಟ್ಟಲಾಗದು. ಹಣ ಕೂಡುವ ತನಕ ಕಾಯಿರಿ ಎಂದರೆ ಬಡವರ ಓಣಿಗೆ ಗಟಾರ ಎಂದೂ ಬಾರದು. ಸಾಲ ಮಾಡಲಿ, ಆದರೆ ಕೊಡಬಲ್ಲವನಿಂದ, ತನ್ನ ಹೆಸರಿನಲ್ಲಿ, ಬರೆದು ಮಾಡಲಿ. ಹಣದ ದಾರಿ ಗೊತ್ತಾಗದೆ ಟೆಂಡರು ಕರೆಯದಿರಲಿ. ಬಂದ ಬಿಲ್ಲುಗಳ ಸರದಿ ಪಟ್ಟಿಯನ್ನು ಕಚೇರಿಯ ಬಾಗಿಲಿಗೆ ಅಂಟಿಸಿ, ಮೊದಲು ಬಂದದ್ದಕ್ಕೆ ಮೊದಲು ಕೊಡಲಿ. ಪ್ರತಿ ಬಿಲ್ಲಿನಲ್ಲೂ ಕೂಲಿಯ ಪಾಲನ್ನು ಬೇರೆ ತೆಗೆದಿಟ್ಟು ಅದನ್ನು ಮೊದಲು ಮುಟ್ಟಿಸಲಿ. ಇದಕ್ಕೆ ಬೇಕಾದದ್ದು ನಾಚಿಕೆ, ಅದಕ್ಕೆ ಅನುದಾನ ಬರಬೇಕಾಗಿಲ್ಲ.

ಆ ಬಡ್ಡಿಯನ್ನಾದರೂ ಕೊಡೋಣವೆಂದು ಗೌಂಡಿ ಕಾಕಾರ ಮನೆಗೆ ಹೋದೆವು. ಅವರು ತೆಗೆದುಕೊಳ್ಳಲಿಲ್ಲ. "ಅದು ಬ್ಯಾಡ್ರಿ ಸಾಹೇಬ್ರ. ಮುಂದ ಕರದ್ರ, ರೊಕ್ಕ ಎಣಿಸಿ ಇಟ್ಕೊಂಡು ಕರೀರಿ" ಎಂದರು. ಮನೆಗೆ ಬಂದು ಪೆಟ್ಟಿಗೆಯಲ್ಲಿ ನಮ್ಮ ಮನೆ ಕರದ ಪಾವತಿ ಹುಡುಕಿದೆವು. ಎರಡು ವರ್ಷದ್ದು ಬಾಕಿ ಇತ್ತು.