ಕಾವಿನ ಖರ್ಚಿನಲ್ಲಿ ಸರ್ಕಾರದ ಪಾಲು

ನಾಗ, ಭಗವತಿ, ಅಯ್ಯಪ್ಪ ಮೊದಲಾದ ದೈವಗಳ ಹೆಸರಿನಲ್ಲಿ ಕಡಿಯದೆ ಬಿಟ್ಟ ಕಾಡಿನ ತುಂಡುಗಳಿಗೆ ಕೇರಳದಲ್ಲಿ ಕಾವು ಎಂದು ಹೆಸರು. ಇವುಗಳನ್ನು ಉಳಿಸಿಕೊಳ್ಳಲು ಅಲ್ಲಿನ ಅರಣ್ಯ ಇಲಾಖೆ ಒಡೆಯರಿಗೆ ಸಹಾಯಧನ ಕೊಡುತ್ತದೆ. ಒಡೆಯರು ಮನೆತನದವರಾಗಲಿ, ದೇವಾಲಯದ ಆಡಳಿತವಾದ ದೇವಸ್ವವಾಗಲಿ, ಟ್ರಸ್ಟ್ ಆಗಲಿ, ಜಿಲ್ಲೆಯ ಸಾಮಾಜಿಕ ಅರಣ್ಯ ವಿಭಾಗಕ್ಕೆ ಅರ್ಜಿ ಹಾಕಿಕೊಳ್ಳಬಹುದು. ಜಾಗದ ವಿಸ್ತೀರ್ಣ, ಒಡೆತನದ ದಾಖಲೆ, ಫೋಟೊ, ಕಾವನ್ನು ಹೇಗೆ ನೋಡಿಕೊಳ್ಳುತ್ತೇವೆ ಎಂಬ ಯೋಜನೆ, ಇವಿಷ್ಟನ್ನು ಅರ್ಜಿಯ ಜೊತೆ ಇಡಬೇಕು. ತಿರುವನಂತಪುರದ ಶ್ರೀಕಾರ್ಯಂನಂಥ ಬಡಾವಣೆಯಲ್ಲಿ ಮನೆಗಳ ನಡುವೆ ಉಳಿದ ಸರ್ಪಕಾವಿಗೂ, ರಾಜ್ಯದ ಇನ್ನೊಂದು ತುದಿಯಲ್ಲಿ ಮಂಜೇಶ್ವರದ ಕನ್ನಡ, ತುಳು ಮನೆಗಳ ನಾಗಬನಕ್ಕೂ ನಿಯಮ ಒಂದೇ. ದೈವದ ಭಯಭಕ್ತಿಯಿಂದ ಉಳಿದ ಕಾಡಿಗೆ ಬೊಕ್ಕಸದ ದುಡ್ಡು ಸೇರಿದಾಗ ಆ ಕೆಲಸ ಯಾರದ್ದಾಗುತ್ತದೆ, ಅದರ ಪುಣ್ಯ ಯಾರಿಗೆ, ಹಕ್ಕು ಯಾರಿಗೆ ಎಂಬುದು ಧರ್ಮಜಿಜ್ಞಾಸೆಗೂ ಆಡಳಿತಕ್ಕೂ ಒಟ್ಟಿಗೆ ಸೇರಿದ ಪ್ರಶ್ನೆ.

ಕಾಡುಜೀವಿಗಳ ನೆಲೆಗೂ ಜನರ ವಿಹಾರದ ಜಾಗಕ್ಕೂ ಖರ್ಚನ್ನು ಹಂಚಿಕೊಳ್ಳುವುದು ಈಗ ಎಲ್ಲ ಕಡೆಯ ರೂಢಿ. ವನ್ಯಜೀವಿ ಆವಾಸಗಳ ಅಭಿವೃದ್ಧಿಗೆ ಭಾರತದಲ್ಲಿ ಕೇಂದ್ರದ್ದು 60, ರಾಜ್ಯದ್ದು 40; ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ 90 ಮತ್ತು 10. ಅಮೆರಿಕದಲ್ಲಿ 1937ರ ಕಾಯ್ದೆಯೊಂದು ಬಂದೂಕು, ಮದ್ದುಗುಂಡಿನ ಮೇಲಿನ ತೆರಿಗೆಯಿಂದ ರಾಜ್ಯಗಳ ವನ್ಯಜೀವಿ ಕೆಲಸದ ಮುಕ್ಕಾಲು ಪಾಲನ್ನು ಭರಿಸುತ್ತದೆ. ಇವು ಸರ್ಕಾರ ಸರ್ಕಾರಗಳ ನಡುವಿನ ಲೆಕ್ಕ. ಕಾವಿನ ಲೆಕ್ಕದಲ್ಲಿ ಮಾತ್ರ ಸರ್ಕಾರದ ಜೊತೆಗಾರರಾಗಿ ಒಂದು ಮನೆತನವೂ ಒಂದು ದೈವವೂ ಇರುತ್ತಾರೆ.

ಕಾನೂನಿನ ತೊಡಕನ್ನು ಬೇಗ ಬಿಡಿಸಬಹುದು. ನಿರ್ದಿಷ್ಟ ಧರ್ಮವೊಂದರ ಪೋಷಣೆಗೆಂದು ಯಾರಿಂದಲೂ ತೆರಿಗೆ ವಸೂಲಿ ಮಾಡಕೂಡದೆಂದು ಸಂವಿಧಾನದ 27ನೇ ವಿಧಿ ಹೇಳುತ್ತದೆ. ತೆರಿಗೆಯ ಗಣನೀಯ ಭಾಗ ಒಂದು ಧರ್ಮಕ್ಕೆ ಹೋದರಷ್ಟೇ ಈ ವಿಧಿಯ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹಜ್ ಸಬ್ಸಿಡಿಯ ಪ್ರಕರಣದಲ್ಲಿ ತೀರ್ಮಾನಿಸಿತು. ಅಲ್ಲದೆ ಕಾಡು, ಕಾಡುಜೀವಿಗಳನ್ನು ಕಾಪಾಡುವುದು 1976ರ ತಿದ್ದುಪಡಿಯಿಂದ ಬಂದ 48ಎ ವಿಧಿಯ ಪ್ರಕಾರ ಸರ್ಕಾರದ್ದೇ ಹೊಣೆ. ಬೇಲಿಗೆ, ಸಸಿಗೆ, ಕೊಳದ ಹೂಳು ತೆಗೆಯುವುದಕ್ಕೆ ಕೊಟ್ಟ ಹಣ ದೀಪದೆಣ್ಣೆಗೆ ಕೊಟ್ಟ ಹಣವಲ್ಲ.

ಆದರೆ ದಕ್ಷಿಣ ಕೇರಳದ ಹಳೆಯ ಸಂಸ್ಥಾನವಾದ ತಿರುವಾಂಕೂರಿನ ನೆಲದಲ್ಲಿ ಬೊಕ್ಕಸವನ್ನೂ ಭಂಡಾರವನ್ನೂ ಹೀಗೆ ಬೇರೆ ಬೇರೆ ಇಡುವುದು ಎಂದೂ ಸುಲಭವಾಗಿರಲಿಲ್ಲ. ಅಲ್ಲಿನ ರಾಜ ಮಾರ್ತಾಂಡವರ್ಮ 1750ರಲ್ಲಿ ರಾಜ್ಯವನ್ನೇ ಕುಲದೈವ ಪದ್ಮನಾಭನಿಗೆ ಒಪ್ಪಿಸಿ, ಪದ್ಮನಾಭದಾಸನೆಂದು ಕರೆದುಕೊಂಡು ಆಳಿದ. 1811ರ ಸುಮಾರಿಗೆ ದಿವಾನನಾದ ಕರ್ನಲ್ ಮನ್ರೋ ನೂರಾರು ದೇವಾಲಯಗಳ ಆಸ್ತಿಯನ್ನು ಸರ್ಕಾರದ ವಶಕ್ಕೆ ತಂದು, ಅವುಗಳ ಖರ್ಚನ್ನೂ ಸರ್ಕಾರದ ತಲೆಗೆ ಕಟ್ಟಿದ. ಆ ಋಣ ಇನ್ನೂ ತೀರಿಲ್ಲ. ಕೇರಳ ಸರ್ಕಾರ ಪ್ರತಿವರ್ಷ 46.5 ಲಕ್ಷ ರೂಪಾಯಿಯನ್ನು ತಿರುವಾಂಕೂರು ದೇವಸ್ವಂ ನಿಧಿಗೆ ಕೊಡಬೇಕೆಂದು ಸಂವಿಧಾನದ 290ಎ ವಿಧಿಯೇ ವಿಧಿಸಿದೆ. ದೇವರಿಂದ ತೆಗೆದುಕೊಂಡ ಸರ್ಕಾರ ದೇವರಿಗೆ ಕೊಡುವಾಗ ಅದನ್ನು ಸಹಾಯ ಎನ್ನಬೇಕೋ ಬಾಕಿ ಎನ್ನಬೇಕೋ ಎಂಬುದು ಲೆಕ್ಕಪತ್ರದವರಿಗೆ ಬಿಟ್ಟ ವಿಷಯ.

ಧರ್ಮಶಾಸ್ತ್ರದ ದಾರಿ ಇನ್ನೊಂದು. ಮೀಮಾಂಸಕ ಶಬರ ದೇವತೆಗೆ ದೇಹವಿದೆ, ಅದು ಆಸ್ತಿಯನ್ನು ಅನುಭವಿಸುತ್ತದೆ ಎಂಬುದನ್ನು ಒಪ್ಪಲಿಲ್ಲ. ದೇವರ ಊರು, ದೇವರ ಹೊಲ ಎನ್ನುವುದು ಅವನ ಪ್ರಕಾರ ಬರಿಯ ಔಪಚಾರಿಕ ಮಾತು. ಇಂದಿನ ನ್ಯಾಯಾಲಯಗಳು ವಿಗ್ರಹವನ್ನು ಕಾನೂನಿನ ಕಣ್ಣಿಗೆ ವ್ಯಕ್ತಿ ಎಂದು ಒಪ್ಪಿದ್ದರೂ, ಶಬರನ ತಕರಾರು ಕಾವಿನ ಮಟ್ಟಿಗೆ ಉಪಯುಕ್ತವಾದದ್ದು. ದೇವರು ಒಡೆಯನಲ್ಲವಾದರೆ ಕಾಡು ಯಾರದು? ಸ್ಮೃತಿಕಾರರು ಇದಕ್ಕೆ ಉತ್ಸರ್ಗ ಎಂಬ ಕಲ್ಪನೆಯಲ್ಲಿ ಉತ್ತರ ಇಟ್ಟಿದ್ದಾರೆ. ಬಾವಿ, ಕೆರೆ, ತೋಪು ಮಾಡಿಸುವುದು ಪೂರ್ತವೆಂಬ ವರ್ಗದ ಧರ್ಮಕಾರ್ಯ. ದಾನಕ್ಕೆ ಕೈಯೊಡ್ಡಿ ತೆಗೆದುಕೊಳ್ಳುವವನೊಬ್ಬ ಬೇಕು; ಉತ್ಸರ್ಗಕ್ಕೆ ಬೇಡ. ಮಾಡಿಸಿದವನು ತನ್ನ ಸ್ವಾಮ್ಯವನ್ನು ಸಕಲ ಪ್ರಾಣಿಗಳಿಗಾಗಿ ಬಿಟ್ಟುಕೊಡುತ್ತಾನೆ. ಆಮೇಲೆ ಅದೇ ಕೆರೆಯಲ್ಲಿ ಅವನು ನೀರು ಕುಡಿಯಬಹುದು, ಎಲ್ಲರಲ್ಲಿ ಒಬ್ಬನಾಗಿ. ಸಕಲ ಪ್ರಾಣಿಗಳು ಎಂದಾಗ ಹಾವು, ಬಾವಲಿ, ಮುಂಗುಸಿ ಹೊರಗುಳಿಯುವುದಿಲ್ಲ. ಸಾರ್ವಜನಿಕ ಎಂಬ ಇಂದಿನ ಮಾತಿನ ಬೇಲಿ ಮನುಷ್ಯರ ಬಳಿಯೇ ನಿಲ್ಲುತ್ತದೆ. ಆ ದೃಷ್ಟಿಯಿಂದ ಹಳೆಯ ಕಲ್ಪನೆಯೇ ಹೆಚ್ಚು ಅಗಲವಾದದ್ದು.

ಹಾಗಾದರೆ ಖರ್ಚು ಇಬ್ಬರದಾದರೆ ಫಲ ಯಾರಿಗೆ? ಮೀಮಾಂಸೆಯ ಯಜ್ಞವಿಚಾರದಲ್ಲಿ ಇದಕ್ಕೆ ಎರಡು ಮಾದರಿಗಳಿವೆ. ಸಾಮಾನ್ಯ ಯಾಗದಲ್ಲಿ ಯಜಮಾನ ಒಬ್ಬ, ಋತ್ವಿಜರು ದಕ್ಷಿಣೆ ಪಡೆದು ದುಡಿಯುವವರು. ದಕ್ಷಿಣೆ ಕೊಟ್ಟವನಿಗೆ ಫಲ. ಸತ್ರವೆಂಬ ದೀರ್ಘಯಾಗದಲ್ಲಿ ಕನಿಷ್ಠ 17 ಜನ ಕೂಡುತ್ತಾರೆ, ಎಲ್ಲರೂ ಯಜಮಾನರು, ಯಾರಿಗೂ ದಕ್ಷಿಣೆಯಿಲ್ಲ. ಫಲ ಪಾಲಾಗುತ್ತದೆಯೇ ಎಂಬ ಪ್ರಶ್ನೆಗೆ ಜೈಮಿನಿಯ ಪರಂಪರೆ ಕೊಡುವ ಉತ್ತರ, ಇಲ್ಲ, ಒಬ್ಬೊಬ್ಬನಿಗೂ ಪೂರ್ಣಫಲ. ಕಾವಿನ ಸಹಾಯಧನ ಈ ಎರಡರಲ್ಲಿ ಯಾವ ಬಗೆಯದು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಸರ್ಕಾರ ದಕ್ಷಿಣೆ ಕೊಡುವ ಯಜಮಾನನಾದರೆ ಮನೆತನದವರು ಕೂಲಿಯ ಕಾವಲುಗಾರರಾಗುತ್ತಾರೆ; ಹಣ ನಿಂತ ದಿನ ಕಾವಲೂ ನಿಲ್ಲುತ್ತದೆ. ಸತ್ರದಂತೆ ಕೂಡಿದರೆ ಬೊಕ್ಕಸದ ಪಾಲು ಮನೆತನದ ಹೊಣೆಯನ್ನು ಕೊಂಡುಕೊಳ್ಳುವುದಿಲ್ಲ, ಅದರ ಪಕ್ಕಕ್ಕೆ ಬಂದು ನಿಲ್ಲುತ್ತದೆ. ರಕ್ತಕ್ಕೆ ಬೆಲೆ ಕಟ್ಟಿದರೆ ದಾನದ ಬುದ್ಧಿ ಒಣಗುತ್ತದೆ ಎಂದು ಬ್ರಿಟನ್ನಿನ ರಿಚರ್ಡ್ ಟಿಟ್ಮಸ್ 1970ರಲ್ಲಿ ವಾದಿಸಿದ್ದು ಮೊದಲ ಮಾದರಿಯ ಅಪಾಯವನ್ನೇ.

ಕನ್ನಡ ನಾಡಿನ ಶಾಸನಗಳು ಈ ಅಪಾಯಕ್ಕೆ ಹೆದರಿದಂತೆ ಕಾಣುವುದಿಲ್ಲ. ಕೆರೆ ಕಟ್ಟಿಸಿದವನಿಗೆ, ಒಡೆದ ಏರಿಯನ್ನು ಸರಿಪಡಿಸಿದವನಿಗೆ ಕಟ್ಟುಗೊಡಗೆಯೆಂದು ತೆರಿಗೆಯಿಲ್ಲದ ಭೂಮಿ ಸಿಗುತ್ತಿತ್ತು. ಕೆರೆಯ ಕೆಳಗಿನ ಫಸಲಿನಿಂದ ಬಿತ್ತುವಟ್ಟವೆಂಬ ಪಾಲನ್ನು ಕೆರೆಯ ಉಸ್ತುವಾರಿಗೇ ತೆಗೆದಿಡುತ್ತಿದ್ದರು. ಇದು ಹೆಸರಿಲ್ಲದ ವೆಚ್ಚ ಹಂಚಿಕೆಯೇ. ಪುಣ್ಯಕ್ಕೆ ಮಾಡಿದ ಕೆಲಸಕ್ಕೆ ಭೂಮಿ ಪಡೆದದ್ದರಿಂದ ಪುಣ್ಯ ಕರಗಿತೆಂದು ಯಾವ ಕಲ್ಲೂ ಹೇಳಿಕೊಂಡಿಲ್ಲ. ಶಾಸನದ ಕೊನೆಯ ಶಾಪಾಶಯದ ಭಾಗದಲ್ಲಿ ಬರುವ ಮಾತಂತೂ ಕೊಡುವುದಕ್ಕಿಂತ ಕೊಟ್ಟದ್ದನ್ನು ಪಾಲಿಸುವುದೇ ದೊಡ್ಡದೆಂದು ಸಾರುತ್ತದೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಕೆರೆ ಕಟ್ಟುವಂಥದ್ದು, ಕಾವು ಕಟ್ಟುವಂಥದ್ದಲ್ಲ, ಬಿಡುವಂಥದ್ದು.

ವೆಚ್ಚ ಹಂಚಿಕೆಯ ನಿಜವಾದ ತೊಂದರೆ ಇಲ್ಲಿದೆ. ಸರ್ಕಾರಿ ಹಣಕ್ಕೆ ಎಸ್ಟಿಮೇಟ್ ಬೇಕು, ಬಿಲ್ ಬೇಕು, ಕಾಮಗಾರಿ ಮುಗಿದ ಫೋಟೊ ಬೇಕು. ಕಾಂಪೌಂಡ್ ಗೋಡೆಗೆ, ಇಂಟರ್‌ಲಾಕ್ ಹಾಸಿದ ದಾರಿಗೆ, ದೀಪದ ಕಂಬಕ್ಕೆ ಬಿಲ್ ಬರೆಯಬಹುದು. ಕತ್ತಿ ಹಾಕದೆ ಬಿಟ್ಟ ಬಳ್ಳಿಗೆ, ಗುಡಿಸದೆ ಬಿಟ್ಟ ತರಗೆಲೆಗೆ ಬಿಲ್ ಬರೆಯಲಾಗುವುದಿಲ್ಲ. ಹೀಗಾಗಿ ಉಳಿಸಲೆಂದು ಬಂದ ಹಣವೇ ಕಾಡನ್ನು ಕಟ್ಟಡದ ಕಡೆಗೆ ತಳ್ಳುತ್ತದೆ. ಇದರಲ್ಲಿ ತಪ್ಪೆಲ್ಲ ಸರ್ಕಾರದ್ದೇ ಎನ್ನುವಂತಿಲ್ಲ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳಲ್ಲಿ ಎಷ್ಟೋ ನಾಗಬನಗಳ ಮರ ಕಡಿದು ಕಾಂಕ್ರೀಟ್ ಕಟ್ಟೆ, ಗ್ರಾನೈಟ್ ನೆಲ ಮಾಡಿಸಿದವರು ಜೀರ್ಣೋದ್ಧಾರದ ಹುರುಪಿನ ಭಕ್ತರೇ. ಹುತ್ತವಿಲ್ಲದ ಕಟ್ಟೆಯ ಮೇಲೆ ಹಾಲೆರೆಯಿಸಿಕೊಳ್ಳುವ ನಾಗನಿಗೆ ತಂಬಿಲವೆಂಬ ಪೂಜೆ ಸಂದರೂ ಹಾವಿಗೆ ನೆಲೆಯಿಲ್ಲ.

ಕೇರಳದಲ್ಲಿ ಇದಕ್ಕಿಂತ ನಯವಾದ ದಾರಿಯೊಂದಿದೆ. ಕೂಡುಕುಟುಂಬ ಪದ್ಧತಿಯನ್ನು ರದ್ದುಮಾಡಿದ 1975ರ ಕಾಯ್ದೆಗೂ ಮೊದಲೇ ತರವಾಡುಗಳೆಂಬ ಕೂಡುಮನೆತನಗಳು ಪಾಲಾಗುತ್ತಿದ್ದವು. ಪಾಲಿನಲ್ಲಿ ಕಾವು ಬಂದವರು ಮನೆ ಕಟ್ಟಬೇಕಾದಾಗ ನಾಗನನ್ನು ಆವಾಹಿಸಿ, ವಿಧಿಪೂರ್ವಕ ಮಣ್ಣಾರಶಾಲೆ, ಪಾಂಬುಮ್ಮೇಕ್ಕಾಟ್ಟು ಮನೆಯಂಥ ನಾಗಾರಾಧನೆಯ ಕೇಂದ್ರಗಳಿಗೆ ಒಪ್ಪಿಸುತ್ತಾರೆ. ದೇವರಿಗೆ ಅಪಚಾರವಾಗಲಿಲ್ಲ, ನಿವೇಶನವೂ ಸಿಕ್ಕಿತು. ಶಬರನ ವಾದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ: ದೇವತೆ ಜಾಗದ ಒಡೆಯನಲ್ಲವಾದ್ದರಿಂದ ಅದನ್ನು ಸಾಗಿಸಬಹುದು. ಮರವನ್ನೂ ಮರದ ಮೇಲಿನ ಜೀವಗಳನ್ನೂ ಆವಾಹಿಸುವ ಮಂತ್ರ ಮಾತ್ರ ಯಾರ ಬಳಿಯೂ ಇಲ್ಲ. ಹೀಗೆ ಕಳೆದುಹೋಗುವುದು ಸಣ್ಣದೇನಲ್ಲ: ಕುನ್‌ಸ್ಟ್ಲೇರಿಯಾ ಕೇರಳೆನ್ಸಿಸ್ ಎಂಬ ಬಳ್ಳಿ 1980ರ ದಶಕದ ಆರಂಭದಲ್ಲಿ ವಿಜ್ಞಾನಕ್ಕೆ ಗೊತ್ತಾದದ್ದು ದಕ್ಷಿಣ ಕೇರಳದ ಒಂದು ಕಾವಿನಿಂದ.

ವಿಹಾರದ ಪ್ರಶ್ನೆಯೂ ಇಲ್ಲಿಗೇ ಬಂದು ಸೇರುತ್ತದೆ. ಶ್ರೀಕಾರ್ಯಂ 2010ರಲ್ಲಿ ಪಂಚಾಯಿತಿಯಿಂದ ತಿರುವನಂತಪುರ ನಗರಪಾಲಿಕೆಗೆ ಸೇರಿತು. ಅದರ ಪಕ್ಕದ ಆಕ್ಕುಳಂ ಸರೋವರದ ದಂಡೆಯಲ್ಲಿ ಪ್ರವಾಸೋದ್ಯಮ ಇಲಾಖೆಯ ವಿಹಾರಧಾಮವಿದೆ, ಮಕ್ಕಳ ಉದ್ಯಾನವಿದೆ. ಇಂಥ ಕಡೆ ಜನ ಬರುವುದೇ ಗುರಿ, ಬರಲಿ ಎಂದೇ ಖರ್ಚು. ಕಾವಿನ ಗುರಿ ತದ್ವಿರುದ್ಧ. ದೀಪ ಹಚ್ಚುವ ಸಂಜೆ, ವರ್ಷದ ಪೂಜೆ ಬಿಟ್ಟರೆ ಒಳಗೆ ಕಾಲಿಡಬಾರದು, ಒಣಕಡ್ಡಿಯನ್ನೂ ತರಬಾರದು ಎಂಬ ನಿಷೇಧವೇ ಅಲ್ಲಿನ ಅರಣ್ಯ ನೀತಿ. ಎರಡನ್ನೂ ಒಂದೇ ಅನುದಾನದ ಹೆಸರಿನಲ್ಲಿ ಸೇರಿಸಿ, ಕಾವಿನೊಳಗೆ ನಡಿಗೆಯ ದಾರಿ ಹಾಕುವ ಯೋಜನೆ ಎಷ್ಟೇ ಸದುದ್ದೇಶದ್ದಾದರೂ ಬೇಡ.

ನಿಷೇಧದ ಇನ್ನೊಂದು ಮುಖ ಜಾತಿಯದು. ತಿರುವಾಂಕೂರಿನಲ್ಲಿ ಎಲ್ಲ ಹಿಂದೂಗಳಿಗೂ ದೇವಾಲಯ ಪ್ರವೇಶ ಸಿಕ್ಕಿದ್ದು 1936ರ ನವೆಂಬರ್ 12ರ ಘೋಷಣೆಯಿಂದ. ಅಲ್ಲಿಯವರೆಗೆ ಹತ್ತಿರ ಸುಳಿಯಬಾರದೆಂಬ ಕಟ್ಟು ಹಕ್ಕಿಗಳ ಮೇಲಿನ ಕರುಣೆಯಿಂದ ಹುಟ್ಟಿದ್ದಲ್ಲ. ಎಲ್ಲರ ತೆರಿಗೆಯ ಪಾಲು ಬಿದ್ದ ಕಾವಿನಲ್ಲಿ ಇಂಥವರು ಬರಬಾರದು ಎನ್ನುವಂತಿಲ್ಲ. ಯಾರೂ ಬರಬಾರದು ಎನ್ನಬಹುದು. ಉತ್ಸರ್ಗದ ತರ್ಕಕ್ಕೆ ಹೊಂದುವುದು ಎರಡನೆಯದೇ.

ಬಿಟ್ಟದ್ದಕ್ಕೆ ಹಣ ಕೊಡುವುದು ಆಡಳಿತಕ್ಕೆ ಸಾಧ್ಯವಿಲ್ಲವೆಂದೇನಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಆಲದ ಮರಗಳಲ್ಲಿ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಕಾಣುತ್ತಾರೆ. ಗೂಡಿರುವ ಮರದ ಹುಣಸೆ ಬಡಿಯುವಂತಿಲ್ಲ. ಕೈಬಿಟ್ಟ ಆ ಫಸಲಿಗೆ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ಏರ್ಪಾಡು ಇದೆ. ಕೇರಳ 2020ರಲ್ಲಿ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ ಹೆಕ್ಟೇರಿಗೆ 2,000 ರೂಪಾಯಿ ರಾಯಧನ ಆರಂಭಿಸಿತು. ಎರಡರಲ್ಲೂ ಕಾಮಗಾರಿಯಿಲ್ಲ, ಸಂಯಮಕ್ಕೆ ಸಂದಾಯವಿದೆ. ಮೊತ್ತ ಸಣ್ಣದು, ನಿಜ. ತವರಿನ ಭಾವನೆಯನ್ನು ಅದು ಕೊಂಡುಕೊಳ್ಳಲಿಲ್ಲ. ಭಾವನೆಗೆ ತಗಲುವ ನಷ್ಟದಲ್ಲಿ ಒಂದು ಪಾಲು ಹೊತ್ತಿತು. ಕಾವಿನ ಸಹಾಯಧನಕ್ಕೆ ಇದಕ್ಕಿಂತ ಸರಿಯಾದ ಮೇಲ್ಪಂಕ್ತಿ ಕಾಣುವುದಿಲ್ಲ.

ಹಣದ ಜೊತೆ ಕಟ್ಟೂ ಬೇಕು. ಕೊಡಗಿನಲ್ಲಿ 1905ರಲ್ಲಿ 6,277 ಹೆಕ್ಟೇರ್ ಇದ್ದ ದೇವರಕಾಡು 1985ರ ಹೊತ್ತಿಗೆ 2,550 ಹೆಕ್ಟೇರಿಗೆ ಇಳಿದಿತ್ತು. ಭಕ್ತಿ ಕಡಿಮೆಯಾದದ್ದಕ್ಕಿಂತ ಕಾಫಿಯೂ ಒತ್ತುವರಿಯೂ ಬಲವಾದದ್ದು ಇದಕ್ಕೆ ಕಾರಣ. ಅಮೆರಿಕದ ಭೂಮಿ ಮತ್ತು ಜಲ ಸಂರಕ್ಷಣಾ ನಿಧಿಯ 1964ರ ಕಾಯ್ದೆ ಅರ್ಧ ಖರ್ಚು ಕೊಟ್ಟು ಒಂದು ಷರತ್ತು ಹಾಕುತ್ತದೆ: ಆ ಜಾಗ ಶಾಶ್ವತವಾಗಿ ಹೊರಾಂಗಣ ವಿಹಾರಕ್ಕೇ ಉಳಿಯಬೇಕು, ಬೇರೆಗೆ ಬಳಸಿದರೆ ಅಷ್ಟೇ ಬೆಲೆಯ ಜಾಗ ಬದಲಿಗೆ ಬಿಡಬೇಕು. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸಮುದಾಯ ಮೀಸಲಿನಲ್ಲಿ ಇದಕ್ಕೆ ಹತ್ತಿರದ ಕಟ್ಟು ಇದೆ. ಕೊಕ್ಕರೆಬೆಳ್ಳೂರೂ ಕೇರಳದ ಕಡಲುಂಡಿ–ವಳ್ಳಿಕ್ಕುನ್ನೂ 2007ರಿಂದ ಅಂಥವು. ಅಲ್ಲಿ ನೆಲದ ಬಳಕೆ ಬದಲಾಗಬೇಕಾದರೆ ಸ್ಥಳೀಯ ಸಮಿತಿಯ ನಿರ್ಣಯವೂ ಸರ್ಕಾರದ ಒಪ್ಪಿಗೆಯೂ ಬೇಕು. ರಾಜಸ್ಥಾನದಲ್ಲಿ ಓರಣವೆಂದು ಕರೆಯುವ ದೇವರಕಾಡುಗಳ ಪ್ರಕರಣದಲ್ಲಿ 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ಅವುಗಳಿಗೆ ಇದೇ ದಾರಿಯನ್ನು ಸೂಚಿಸಿತು.

ಹತ್ತು ಸೆಂಟಿನ ಮನೆಗಾವಿಗೆ ಇಷ್ಟು ದೊಡ್ಡ ಅಂಗಿ ಹೊಂದುವುದಿಲ್ಲ. ಅದಕ್ಕೆ 2002ರ ಜೀವವೈವಿಧ್ಯ ಕಾಯ್ದೆಯ 37ನೇ ಕಲಮು ಹೆಚ್ಚು ಹತ್ತಿರವಾದೀತು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಇದರಡಿಯಲ್ಲಿಯೇ. ಸ್ಥಳೀಯ ಸಂಸ್ಥೆಗಳನ್ನು ಕೇಳಿಯೇ ಘೋಷಿಸಬೇಕು ಎನ್ನುವ ಆ ಕಲಮು, ಘೋಷಣೆಯಿಂದ ಆರ್ಥಿಕವಾಗಿ ನಷ್ಟಪಟ್ಟವರಿಗೆ ಪರಿಹಾರದ ಯೋಜನೆಯನ್ನು ರಾಜ್ಯ ಸರ್ಕಾರ ರೂಪಿಸಲೇಬೇಕೆಂದೂ ವಿಧಿಸುತ್ತದೆ.