ಆ ನೋವನ್ನೂ ಒಪ್ಪಿಸಿಬಿಡಬೇಕೆ?



ಇಂದು ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ, ತಪಸ್ಸುಕಾಲದ ಒಂದು ಶುಕ್ರವಾರ ಶಿಲುಬೆ ಹಾದಿ ಮುಗಿದ ಮೇಲೆ ತುಂಬು ಗರ್ಭಿಣಿಯೊಬ್ಬಳು ನನ್ನ ಬಳಿ ಬಂದಳು. ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ದಿನವೂ ಕೆ.ಜಿ.ಎಫ್.ನಿಂದ ರೈಲಿನಲ್ಲಿ ಹೋಗಿಬರುವ ಹೆಣ್ಣುಮಗಳು. "ಫಾದರ್, ಮಂಡಿಯೂರಿದರೆ ಸೊಂಟ, ತೊಡೆಸಂದು ಎಲ್ಲಾ ಕಿತ್ತುಬರುತ್ತೆ. ಎದ್ದೇಳೋಕೇ ಆಗಲ್ಲ" ಎಂದಳು. ನಾನು ಹೆಚ್ಚು ಯೋಚಿಸದೆ, "ಪ್ರಭುವಿಗೆ ಒಪ್ಪಿಸಿಬಿಡಮ್ಮಾ" ಎಂದುಬಿಟ್ಟೆ. ಅವಳು ತಲೆಯಾಡಿಸಿ ಹೋದಳು. ಮುಂದಿನ ಶುಕ್ರವಾರ ಬರಲಿಲ್ಲ. ಭಾನುವಾರದ ಬಲಿಪೂಜೆಗೂ ಬರಲಿಲ್ಲ. ಅವಳ ಅತ್ತೆಯನ್ನು ವಿಚಾರಿಸಿದಾಗ ತಿಳಿಯಿತು: ಮಂಡಿಯೂರಲಾಗದವಳು ಯಾವ ಮುಖ ಹೊತ್ತು ದೇವಾಲಯಕ್ಕೆ ಹೋಗಲಿ ಎಂದು ಮನೆಯಲ್ಲೇ ಕುಳಿತು ಅಳುತ್ತಿದ್ದಳಂತೆ.

ನಾನು ಹೇಳಿದ್ದು ಸುಳ್ಳಲ್ಲ. ನಮ್ಮ ಸಂಕಟವನ್ನು ಕ್ರಿಸ್ತನ ಸಂಕಟದೊಂದಿಗೆ ಸೇರಿಸಬಹುದೆಂದು ಧರ್ಮಸಭೆ ಎಂದಿನಿಂದಲೂ ಬೋಧಿಸಿದೆ. ಪೋಪ್ ಎರಡನೇ ಜಾನ್ ಪಾಲ್ 1984ರಲ್ಲಿ ಇದರ ಬಗ್ಗೆಯೇ ಒಂದು ಪ್ರೇಷಿತ ಪತ್ರ ಬರೆದರು. ಆದರೆ ನೋವನ್ನು ಒಪ್ಪಿಸುವುದು ಬೇರೆ, ಕಡಿಮೆ ಮಾಡಿಕೊಳ್ಳಬಹುದಾದ ನೋವನ್ನು ಬಾಯಿಮುಚ್ಚಿ ತಿನ್ನುವುದು ಬೇರೆ. ಮೊದಲನೆಯದು ಅವಳು ತಾನಾಗಿ ಕೊಡುವ ಕಾಣಿಕೆ. ಎರಡನೆಯದನ್ನು ನಾವು ಅವಳ ಮೇಲೆ ಹೊರಿಸುತ್ತೇವೆ.

"ಆದಿಕಾಂಡದಲ್ಲಿ ಹವ್ವಳಿಗೆ ದೇವರೇ ಹೇಳಿಲ್ಲವೇ?" ಎಂದು ಹಿರಿಯರು ಕೇಳುತ್ತಾರೆ. ಸೆಮಿನರಿಯಲ್ಲಿ ಕಲಿತ ಅಲ್ಪ ಹೀಬ್ರೂ ಇಲ್ಲಿ ನೆರವಿಗೆ ಬರುತ್ತದೆ. ಹವ್ವಳ ಬಸಿರಿನ ಕಷ್ಟಕ್ಕೂ, ಮರುವಾಕ್ಯದಲ್ಲಿ ಆದಾಮನ ದುಡಿಮೆಯ ಕಷ್ಟಕ್ಕೂ ಮೂಲದಲ್ಲಿರುವುದು ಒಂದೇ ಪದ: 'ಇತ್ಸಾವೋನ್'. ಈಗ ನಮ್ಮ ಊರನ್ನೇ ನೋಡಿ. 1902ರಲ್ಲಿ ಶಿವನಸಮುದ್ರದಿಂದ 90 ಮೈಲಿಗೂ ಹೆಚ್ಚು ದೂರ ತಂತಿ ಎಳೆದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ತಂದರು. ಆದಾಮನ ಬೆವರು ತಗ್ಗಿಸುವುದು ಪಾಪವೆಂದು ಯಾರೂ ಪ್ರಸಂಗ ಮಾಡಲಿಲ್ಲ. ಬೋರ್‌ವೆಲ್ ಹಾಕಿಸಿದ ರೈತನನ್ನೂ ಯಾರೂ ಗದರಿಸುವುದಿಲ್ಲ. ಹವ್ವಳ ಪಾಲಿನ ಮಾತನ್ನು ಮಾತ್ರ ಅಕ್ಷರಶಃ ಹಿಡಿದುಕೊಂಡು ಕೂರುತ್ತೇವೆ, ಅದೇಕೋ!

ಪೋಪ್ ಹನ್ನೆರಡನೇ ಪಿಯುಸ್ 1956ರ ಜನವರಿಯಲ್ಲೇ ವೈದ್ಯರ ಮುಂದೆ ಇದನ್ನು ಸ್ಪಷ್ಟಪಡಿಸಿದ್ದರು: ಹೆರಿಗೆಯ ನೋವನ್ನು ತಗ್ಗಿಸುವ ಯೋಗ್ಯ ವಿಧಾನಗಳನ್ನು ಪವಿತ್ರ ಗ್ರಂಥ ನಿಷೇಧಿಸುವುದಿಲ್ಲ.

ಒಂದು ಗಟ್ಟಿಯಾದ ಆಕ್ಷೇಪಣೆ ಉಳಿಯುತ್ತದೆ. ಶಿಲುಬೆಗೇರಿಸುವ ಮುನ್ನ ಕೊಟ್ಟ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಯೇಸು ಕುಡಿಯಲಿಲ್ಲವೆಂದು ಸಂತ ಮಾರ್ಕನು ಬರೆದಿದ್ದಾನೆ. ನಿಜ. ಆದರೆ ಅದು ಅವರು ತಮಗಾಗಿ ಆರಿಸಿಕೊಂಡದ್ದು. ತಮ್ಮ ಬಳಿಗೆ ಬಂದ ಒಬ್ಬ ರೋಗಿಗಾದರೂ "ಸಹಿಸಿಕೋ, ಹೋಗು" ಎಂದರೇ? ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದವಳನ್ನು ಮಗಳೇ ಎಂದು ಕರೆದು ಗುಣಪಡಿಸಿದರು. ಗೆತ್ಸೆಮನೆಯಲ್ಲಿ ತಮ್ಮ ಪಾತ್ರೆಯೂ ತೊಲಗಲೆಂದು ಮೊದಲು ಬೇಡಿದವರೂ ಅವರೇ.

ಇನ್ನು ಈ ನೋವಿನ ಮಾತು. ಐದು ಗರ್ಭಿಣಿಯರಲ್ಲಿ ಸುಮಾರು ಒಬ್ಬರಿಗೆ ಇದು ಬರುತ್ತದೆಂದು ವೈದ್ಯರು ಹೇಳುತ್ತಾರೆ. ಸೊಂಟದ ಕಟ್ಟಿನ ಮೂಳೆಗಳು ಮುಂದೆ ಒಂದು ಕಡೆ, ಹಿಂದೆ ಎರಡು ಕಡೆ ಕೂಡಿಕೊಂಡಿವೆ. ಬಸಿರಿನಲ್ಲಿ ಆ ಕೀಲುಗಳು ಸಡಿಲವಾಗಿ, ಹೊರೆ ಹೆಚ್ಚಿ, ಒಂದೇ ಸಮನಾಗಿ ಅಲುಗದಿದ್ದಾಗ ತೊಡೆಸಂದು, ಪೃಷ್ಠ, ತೊಡೆಗಳಲ್ಲಿ ನೋವು ಏಳುತ್ತದೆ. ಮಗುವಿಗೆ ಅಪಾಯವಿಲ್ಲ, ತಾಯಿಗೆ ಮಾತ್ರ ಹಾಸಿಗೆಯಲ್ಲಿ ಮಗ್ಗುಲಾಗುವುದೂ ದೊಡ್ಡ ಕೆಲಸ. ಮಗ್ಗುಲಾಗುವಾಗ ಮಂಡಿಗಳೆರಡನ್ನೂ ಕೂಡಿಸಿಕೊಂಡು ಹೊರಳಬೇಕು, ಮಲಗಿದಾಗ ಕಾಲುಗಳ ನಡುವೆ ದಿಂಬಿಡಬೇಕು. ಮೆಟ್ಟಿಲಿಗೆ ಒಂದೊಂದೇ ಹೆಜ್ಜೆ, ಒಂದು ಕಾಲ ಮೇಲೆ ನಿಲ್ಲುವ ಬದಲು ಕುಳಿತು ಬಟ್ಟೆ ಹಾಕಿಕೊಳ್ಳುವುದು. ಮೊದಲ ಮಗುವನ್ನು ಸೊಂಟದ ಒಂದೇ ಪಕ್ಕ ಎತ್ತಿಕೊಳ್ಳುವ ನಮ್ಮ ಅಭ್ಯಾಸವಿದೆಯಲ್ಲ, ಅದನ್ನು ಬಿಡಬೇಕು. ಫಿಸಿಯೋಥೆರಪಿಯವರು ವ್ಯಾಯಾಮ ಹೇಳಿಕೊಡುತ್ತಾರೆ, ಕೆಲವರಿಗೆ ಸೊಂಟದ ಪಟ್ಟಿಯೂ ನೆರವಾಗುತ್ತದೆ. ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಬಸುರಿಯರಿಗೆ ಆಗದ ನೋವಿನ ಮಾತ್ರೆಗಳಿವೆ. ರಕ್ತ ಕಂಡರೆ, ನೀರು ಹೋದರೆ, ಜ್ವರ ಬಂದರೆ, ಮೂತ್ರ ಉರಿದರೆ, ಹೊಟ್ಟೆ ಬಿಟ್ಟುಬಿಟ್ಟು ಬಿಗಿದರೆ, ಕಾಲು ಮರಗಟ್ಟಿದರೆ, ಮಗುವಿನ ಅಲುಗಾಟ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಗಂಡಂದಿರೇ, ಅತ್ತೆಯಂದಿರೇ, ಇದು ನಿಮಗೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ನಮ್ಮ ಎಷ್ಟೋ ಮನೆಗಳ ಅನ್ನ ಬೆಂಗಳೂರಿನ ರೈಲು ಹತ್ತಿಯೇ ಬರುತ್ತದೆ. ನಸುಕಿಗೆ ಎದ್ದು ಅಡಿಗೆ ಮುಗಿಸಿ, ಬಂಗಾರಪೇಟೆಯಲ್ಲಿ ತುಂಬಿಕೊಳ್ಳುವ ಜನರ ನಡುವೆ ನಿಂತೇ ಹೋಗುವ ಬಸುರಿಗೆ, ರಾತ್ರಿ ಬಂದ ಮೇಲೂ ಕೊಡ ಹೊರುವ ಪಾಳಿ ಏಕೆ? "ನಾವು ಹೆತ್ತಿಲ್ಲವೇ" ಎನ್ನುವ ಮಾತಿದೆಯಲ್ಲ, ಅದನ್ನು ಕೇಳಿದಾಗಲೆಲ್ಲ ನಮ್ಮ ಹಳೆಯ ಗಣಿ ಕಾರ್ಮಿಕರ ನೆನಪಾಗುತ್ತದೆ. ಕಲ್ಲಿನ ಧೂಳು ಎದೆಯಲ್ಲಿ ಕೂತ ಕೆಮ್ಮು ಅವರಿಗೂ ಕೆಲಸದ ಒಂದು ಭಾಗವೇ ಆಗಿತ್ತು. ಅದಕ್ಕೆ ಸಿಲಿಕೋಸಿಸ್ ಎಂಬ ಹೆಸರು ಬಿದ್ದ ಮೇಲಷ್ಟೇ ಪರಿಹಾರದ ಮಾತು ಬಂತು. ಹೆರಿಗೆಯ ದಿನ ಹತ್ತಿರವಾದಾಗ, ಅವಳು ಕೇಳಿಕೊಂಡರೆ, ಬಹಳ ಹೊತ್ತು ನಿಲ್ಲುವ ಕೆಲಸ ಕೊಡಬಾರದೆಂದು 1961ರ ಕಾಯಿದೆಯೇ ಹೇಳಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಹೇಳುತ್ತದೆ. ಕಾರ್ಖಾನೆಗೆ ಕಾನೂನು ಹೇಳುವುದನ್ನು ಮನೆಯಲ್ಲಿ ಯಾರು ಹೇಳಬೇಕು?

ನಮ್ಮ ಗೋದಲಿಯಲ್ಲಿ ಮಾತೆ ಮರಿಯಳಿಗೆ ಒಂದು ಕತ್ತೆ ಕೊಟ್ಟಿದ್ದೇವೆ. ಶುಭಸಂದೇಶದಲ್ಲಿ ಆ ಕತ್ತೆಯಿಲ್ಲ. ತುಂಬು ಬಸುರಿ ಬೆತ್ಲೆಹೇಮಿನವರೆಗೆ ನಡೆದೇ ಹೋದಳೆಂದು ನೆನೆಯಲು ಯಾವುದೋ ಕಾಲದ ಭಕ್ತರ ಮನಸ್ಸು ಒಪ್ಪಲಿಲ್ಲವೇನೋ. ಆ ಭಕ್ತಿ ನನಗೆ ಇಷ್ಟ.

ನಾನು ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆರೋಗ್ಯ ಸರಿಯಿಲ್ಲದವರು ಮಂಡಿಯೂರಬೇಕಾಗಿಲ್ಲವೆಂದು ಪೂಜಾವಿಧಿಯ ನಿಯಮವೇ ಹೇಳುತ್ತದೆ, ಕುಳಿತೇ ಪ್ರಾರ್ಥಿಸಮ್ಮಾ ಎಂದೆ. ಅವಳು ನಕ್ಕು, "ಬೆಂಚಿಗೆ ಒರಗೋಕೆ ಏನೂ ಇಲ್ಲವಲ್ಲ ಫಾದರ್" ಎಂದಳು. ಆ ವಾರವೇ ಬೆನ್ನೊರಗುವ ನಾಲ್ಕು ಕುರ್ಚಿಗಳನ್ನು ಪಕ್ಕದ ಬಾಗಿಲ ಬಳಿ ಹಾಕಿಸಿದೆ. ಅವು ಈಗಲೂ ಅಲ್ಲೇ ಇವೆ. ಯಾರ ಅಪ್ಪಣೆಯೂ ಬೇಕಿಲ್ಲ, ಬಂದು ಕುಳಿತುಕೊಳ್ಳಿ.