ದಿನದ ಬಾಡಿಗೆ, ತಿಂಗಳ ಬಾಡಿಗೆ ಮತ್ತು ಅಚೌರ್ಯಾಣುವ್ರತ

ಗೃಹಸ್ಥನ ಪರಿಗ್ರಹವನ್ನು ಎಣಿಸುವಾಗ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಮೊದಲು ಹೆಸರಿಸಿರುವುದು ಕ್ಷೇತ್ರ ಮತ್ತು ವಾಸ್ತುಗಳನ್ನು, ಎಂದರೆ ಹೊಲವನ್ನು ಮತ್ತು ಮನೆಯನ್ನು. ಬೆಳ್ಳಿ, ಬಂಗಾರ, ಧನ, ಧಾನ್ಯಗಳು ಅನಂತರ ಬರುತ್ತವೆ. ವ್ಯಾಪಾರವನ್ನು ಕುಲವೃತ್ತಿಯಾಗಿ ನಡೆಸಿಕೊಂಡು ಬಂದ ಜೈನ ಸಮಾಜವು ತಕ್ಕಡಿ, ಗಜಕೋಲು, ಬಡ್ಡಿಯ ಲೆಕ್ಕ ಇವುಗಳ ಶುದ್ಧಿಯನ್ನು ಕುರಿತು ತಲೆತಲಾಂತರದಿಂದ ವಿಚಾರ ಮಾಡಿದೆ. ಆದರೆ ವಾಸ್ತುವನ್ನು ಬಾಡಿಗೆಗೆ ಕೊಡುವವನ ಕೈಯಲ್ಲಿರುವ ಅಳತೆಗೋಲು ಯಾವುದು, ಅದು ಯಾವಾಗ ಗಿಡ್ಡವಾಗುತ್ತದೆ, ಯಾವಾಗ ಉದ್ದವಾಗುತ್ತದೆ ಎಂಬ ವಿಚಾರ ಅಷ್ಟಾಗಿ ನಡೆದಿಲ್ಲ. ಬಾಡಿಗೆಯ ಅಳತೆಗೋಲು ದಿನ. ಬಟ್ಟೆಯ ಗಜದಂತೆ ಅದನ್ನು ಯಾರೂ ಕತ್ತರಿಸಲಾರರು ಎಂಬ ನಂಬಿಕೆಯೇ ಈ ಅಲಕ್ಷ್ಯಕ್ಕೆ ಕಾರಣವಿರಬಹುದು.

ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಗೆ ಅವಕಾಶವೂ ಇರಲಿಲ್ಲ. ಗಿರಣಿಯ ಕಾರ್ಮಿಕನಾಗಲಿ, ಹರಿಹರದಲ್ಲಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ನೌಕರನಾಗಲಿ, ಸಂಬಳ ಬಂದೊಡನೆ ತಿಂಗಳ ಬಾಡಿಗೆ ಕೊಡುತ್ತಿದ್ದನು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೆಯ ಕಲಮು ಸಹ, ಬೇರೆ ಕರಾರಿಲ್ಲದ ವಾಸದ ಮನೆಯ ಬಾಡಿಗೆಯನ್ನು ತಿಂಗಳಿಂದ ತಿಂಗಳಿಗೆ ಸಾಗುವುದೆಂದೇ ಪರಿಗಣಿಸಿ, ಬಿಡಲು ಅಥವಾ ಬಿಡಿಸಲು 15 ದಿನಗಳ ನೋಟೀಸನ್ನು ವಿಧಿಸಿದೆ. ಈಗ ಊರಿನ ಸ್ವರೂಪವೇ ಬೇರೆ. 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 2006ರಲ್ಲಿ ಬಂದ ಎಸ್.ಎಸ್. ವೈದ್ಯಕೀಯ ಸಂಸ್ಥೆ, 2009ರ ದಾವಣಗೆರೆ ವಿಶ್ವವಿದ್ಯಾಲಯ ಇವುಗಳಿಂದಾಗಿ ಇದು ವಿದ್ಯಾರ್ಥಿಗಳ ಮತ್ತು ರೋಗಿಗಳ ಊರಾಗಿದೆ. ಮೂರು ದಿನಕ್ಕೆ ಬರುವವರು, ವಾರಕ್ಕೆ ಬರುವವರು, ಎಷ್ಟು ದಿನವೆಂದು ತಿಳಿಯದೆ ಬರುವವರು ಎಲ್ಲರಿಗೂ ಸೂರು ಬೇಕು. ಲಾಡ್ಜಿನ ಒಂದು ಕೋಣೆಯಲ್ಲಿ ಅಡುಗೆ ಮಾಡಿಕೊಳ್ಳಲಾಗದ ಕುಟುಂಬಗಳಿಗೆ ಪಾತ್ರೆ, ಒಲೆ, ಹಾಸಿಗೆಗಳಿರುವ ಮನೆಯನ್ನು ದಿನದ ಲೆಕ್ಕದಲ್ಲಿ ಕೊಡುವ ಪದ್ಧತಿ ಅಂತರ್ಜಾಲದ ಮೂಲಕ ಎಲ್ಲೆಡೆ ಬೆಳೆದಿದೆ. 2008ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಏರ್‌ಬಿಎನ್‌ಬಿಯಂಥ ತಾಣಗಳು ಮಾಲೀಕನನ್ನು ಮೂರು ದರಗಳಿಗಾಗಿ ಕೇಳುತ್ತವೆ: ಒಂದು ರಾತ್ರಿಯ ದರ, 7 ರಾತ್ರಿ ಅಥವಾ ಹೆಚ್ಚು ಉಳಿಯುವವರಿಗೆ ವಾರದ ರಿಯಾಯಿತಿ, 28 ರಾತ್ರಿ ಅಥವಾ ಹೆಚ್ಚು ಉಳಿಯುವವರಿಗೆ ತಿಂಗಳ ರಿಯಾಯಿತಿ.

ದಾವಣಗೆರೆಯ ಚೌಕಿಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡುವ ಒಬ್ಬ ಶ್ರಾವಕನ ಬಳಿ ಇಂಥ ಎರಡು ಮನೆಗಳಿವೆ ಎಂದು ಭಾವಿಸಬಹುದು. ಒಂದು ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ, ಆಸ್ಪತ್ರೆಗಳಿಗೆ ಸಮೀಪ. ಮತ್ತೊಂದು ಸುಮಾರು 14 ಕಿಲೋಮೀಟರ್ ದೂರದ ಹರಿಹರದಲ್ಲಿ, ತುಂಗಭದ್ರೆಯ ದಡದ ಕಡೆಗೆ. ಎರಡಕ್ಕೂ ಅವನು ಒಂದೇ ದರವನ್ನು ನಿಗದಿ ಮಾಡಿದ್ದಾನೆ: ದಿನಕ್ಕೆ 1,500 ರೂಪಾಯಿ, ವಾರ ಮೀರಿದರೆ ದಿನಕ್ಕೆ 1,350, 28 ದಿನಗಳ ತಿಂಗಳಿಗೆ 27,000. ದಿನದ ದರದಲ್ಲಿ 28 ದಿನಕ್ಕೆ 42,000 ಆಗಬೇಕಾದುದನ್ನು 27,000ಕ್ಕೆ ಇಳಿಸಿರುವುದು ಔದಾರ್ಯದಂತೆ ಕಾಣುತ್ತದೆ. ಆದರೆ ಅವನು ಲೆಕ್ಕ ಬಲ್ಲವನು. ಬಿಡಿ ಅತಿಥಿಗಳನ್ನು ನಂಬಿದರೆ 28 ರಾತ್ರಿಗಳಲ್ಲಿ 18 ಮಾತ್ರ ತುಂಬುತ್ತವೆ, ಬಾಡಿಗೆ 27,000. ಸರಾಸರಿ ಎರಡು ರಾತ್ರಿಗೊಬ್ಬರಂತೆ ಒಂಬತ್ತು ಸಲ ಮನೆ ಗುಡಿಸಿ ಒರೆಸಿ ಹಾಸಿಗೆ ಬಟ್ಟೆ ಒಗೆಸಲು, ಸಲಕ್ಕೆ 350ರಂತೆ, 3,150. ವಿದ್ಯುತ್ತು ನೀರಿಗೆ ದಿನಕ್ಕೆ 100ರಂತೆ 1,800. ಉಳಿಯುವುದು 22,050. ಒಬ್ಬನೇ 28 ದಿನ ಇದ್ದರೆ ಬಾಡಿಗೆ ಅದೇ 27,000. ಒಂದು ಸಲದ ಶುಚಿಕಾರ್ಯ, ಮೂರು ಸಲದ ಒಗೆತ ಸೇರಿ 800. ವಿದ್ಯುತ್ತು ನೀರಿಗೆ 2,800. ಉಳಿಯುವುದು 23,400. ತಾಣದ ಕಮಿಷನ್ನು ಎರಡು ಕಡೆಗೂ ಸಮ. ಹೀಗೆ ರಿಯಾಯಿತಿ ಕೊಟ್ಟ ಮೇಲೂ ಅವನಿಗೆ 1,350 ರೂಪಾಯಿ ಹೆಚ್ಚೇ ದಕ್ಕುತ್ತದೆ. ಇದರಲ್ಲಿ ದೋಷವಿಲ್ಲ. ಥಾನು ಪೂರ್ತಿ ಕೊಳ್ಳುವವನಿಗೆ ಕಡಿಮೆ ದರ ಹಾಕುವುದು ಯಾವ ಅಂಗಡಿಯಲ್ಲೂ ಅಧರ್ಮವೆನಿಸಿಲ್ಲ. ದರವನ್ನು ಮೊದಲು ಸುಳ್ಳಾಗಿ ಏರಿಸಿ, ಅನಂತರ ರಿಯಾಯಿತಿಯೆಂದು ಇಳಿಸಿ ತೋರಿಸುವವರೂ ಇದ್ದಾರೆ. ಅದು ಸತ್ಯಾಣುವ್ರತದ ನೇರ ಭಂಗವಾದುದರಿಂದ ಇಲ್ಲಿ ಚರ್ಚೆಗೆ ಬೇಕಿಲ್ಲ.

ಚರ್ಚೆಗೆ ಬೇಕಾದುದು ಎರಡು ವಾಸ್ತವ್ಯಗಳು. ಹರಿಹರದ ಮನೆಗೆ, ಹೊಳೆಯಾಚೆಯ ಕಾರ್ಖಾನೆಯೊಂದರ ಯಂತ್ರ ದುರಸ್ತಿಗೆಂದು ಒಬ್ಬ ಇಂಜಿನಿಯರು ಬರುತ್ತಾನೆ. ಕೆಲಸ ನಾಲ್ಕು ವಾರದ್ದೆಂದು ಅವನ ಕಂಪನಿಗೆ ಮೊದಲೇ ಗೊತ್ತು. ಕಂಪನಿಯು 28 ರಾತ್ರಿಗಳನ್ನು ಒಂದೇ ಸಲ ಕಾದಿರಿಸಿ 27,000 ಕೊಡುತ್ತದೆ. ಅದೇ ತಿಂಗಳು ದಾವಣಗೆರೆಯ ಮನೆಗೆ ಜಗಳೂರು ಕಡೆಯ ಒಂದು ರೈತ ಕುಟುಂಬ ಬರುತ್ತದೆ, ಹಿರಿಯರಿಗೆ ಪಾರ್ಶ್ವವಾಯು. ವೈದ್ಯರು ಮೂರು ದಿನ ನೋಡೋಣ ಎನ್ನುತ್ತಾರೆ. ಮಗ ಮೂರು ದಿನಕ್ಕೆ ಮನೆ ಹಿಡಿಯುತ್ತಾನೆ. ಅನಂತರ ಇನ್ನೆರಡು ದಿನ, ಇನ್ನು ಮೂರು ದಿನ, ಮತ್ತೆ ನಾಲ್ಕು. ಹೀಗೆ ತುಂಡುತುಂಡಾಗಿ ಮಾಡಿದ ಒಂದೊಂದು ಬುಕಿಂಗನ್ನೂ ಪ್ರತ್ಯೇಕ ವಾಸ್ತವ್ಯವೆಂದೇ ಎಣಿಸಿದ್ದರಿಂದ ವಾರದ ರಿಯಾಯಿತಿಯೂ ಸಿಗುವುದಿಲ್ಲ. ಇಪ್ಪತ್ತಾರನೆಯ ದಿನ ಹಿರಿಯರನ್ನು ಊರಿಗೆ ಕರೆದೊಯ್ಯುವಾಗ ಅವರು ಕೊಟ್ಟಿರುವ ಬಾಡಿಗೆ 39,000. ಎರಡು ದಿನ ಕಡಿಮೆ ಇದ್ದು ಹನ್ನೆರಡು ಸಾವಿರ ಹೆಚ್ಚು. ಕಂಪನಿಗೆ ಅಗ್ಗ, ರೈತನಿಗೆ ತುಟ್ಟಿ. ದಾವಣಗೆರೆಯ ಮನೆಯಲ್ಲಿ ಒಗೆತ ಹೆಚ್ಚಾಗಿಲ್ಲ, ಶುಚಿಕಾರ್ಯ ಹೆಚ್ಚಾಗಿಲ್ಲ. ಅದೇ ಕುಟುಂಬ, ಅದೇ ಹಾಸಿಗೆ.

ಇದು ಕಳವೇ? ಅಲ್ಲ. ದರವನ್ನು ಮೊದಲೇ ಸಾರಲಾಗಿತ್ತು, ಒಪ್ಪಿ ಹಣ ಕೊಡಲಾಗಿತ್ತು. ಆದರೆ ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು: ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು ಅಳತೆ. ಅತಿಚಾರವೆಂದರೆ ವ್ರತಭಂಗವಲ್ಲ, ವ್ರತ ಉಳಿದುಕೊಂಡೇ ಮಲಿನವಾಗುವುದು. ದಿನವೇ ಅಳತೆಗೋಲಾದರೆ, ಹೆಚ್ಚುಕಡಿಮೆ ಒಂದೇ ಖರ್ಚಿನ ಎರಡು ವಾಸ್ತವ್ಯಗಳಿಗೆ ಎರಡು ಕೋಲುಗಳನ್ನು ಇಟ್ಟಂತಾಗಲಿಲ್ಲವೇ? ಥಾನಿನ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ. ಎರಡೆರಡು ಮೀಟರು ಕತ್ತರಿಸಿಕೊಂಡು ಹೋಗುವ ಗಿರಾಕಿಗೆ ವರ್ತಕನು ಪ್ರತಿಸಲವೂ ಅಳೆಯಬೇಕು, ಮಡಿಸಬೇಕು, ಕೊನೆಗೆ ಉಳಿಯುವ ತುಂಡಿನ ನಷ್ಟವನ್ನೂ ಹೊರಬೇಕು. ಮನೆಯಲ್ಲಿ ಆ ಶ್ರಮವಿಲ್ಲ. ವ್ಯತ್ಯಾಸವಿರುವುದು ಒಂದೇ ವಿಷಯದಲ್ಲಿ: ಇಂಜಿನಿಯರನಿಗೆ ತಾನು ಹೊರಡುವ ದಿನ ಗೊತ್ತಿತ್ತು, ರೈತನಿಗೆ ಗೊತ್ತಿರಲಿಲ್ಲ.

ಅತಿಥಿ ಎಂಬ ಶಬ್ದವನ್ನು ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುವಾಗ ಕೊಡುವ ಅರ್ಥಗಳಲ್ಲೊಂದು, ಬರುವುದಕ್ಕೆ ನಿಯತ ತಿಥಿ ಇಲ್ಲದವನು ಎಂಬುದು. ಅತಿಥಿಸಂವಿಭಾಗ ವ್ರತದಲ್ಲಿ ಆ ಶಬ್ದ ಮುಖ್ಯವಾಗಿ ಸಂಯಮಿಗಳನ್ನೇ ಸೂಚಿಸುತ್ತದೆ. ಬಾಡಿಗೆ ಕೊಟ್ಟು ಇರುವವನನ್ನು ಆ ಸ್ಥಾನದಲ್ಲಿ ಕೂರಿಸುವುದು ಶಾಸ್ತ್ರಕ್ಕೆ ಅಪಚಾರವಾದೀತು. ಆದರೂ ವಿಚಾರಕ್ಕೆ ಒಂದು ದಾರಿ ಇಲ್ಲಿ ತೆರೆಯುತ್ತದೆ. ತಿಥಿ ಇಲ್ಲದಿರುವುದನ್ನು ಶಾಸ್ತ್ರವು ಗೌರವದ ಕಾರಣವನ್ನಾಗಿ ಮಾಡಿತು; ದರಪಟ್ಟಿಯು ಅದನ್ನೇ ದಂಡದ ಕಾರಣವನ್ನಾಗಿ ಮಾಡಿದೆ. ರೋಗಿಯ ಮಗ ತಿಥಿಯನ್ನು ಹೇಳದೇ ಇದ್ದುದು ಚೌಕಾಸಿಯಿಂದಲ್ಲ, ಅಜಾಗರೂಕತೆಯಿಂದಲೂ ಅಲ್ಲ. ತಂದೆ ತಿಂಗಳು ಮಲಗಿರುತ್ತಾರೆಂದು ಮೊದಲ ದಿನವೇ ಎಣಿಸಿ ಹಣ ಕಟ್ಟುವ ಮನಸ್ಸು ಯಾವ ಮಗನಿಗೆ ಬಂದೀತು?

ಮಾಲೀಕನ ಪಕ್ಷವನ್ನೂ ಕೇಳದೆ ತೀರ್ಪು ಕೊಡುವುದು ಅನೇಕಾಂತಕ್ಕೆ ಒಪ್ಪುವ ಮಾತಲ್ಲ. ದಿನ ನಿಶ್ಚಯವಿಲ್ಲದ ಗಿರಾಕಿಯಿಂದ ಮಾಲೀಕನಿಗೆ ನಿಜವಾದ ನಷ್ಟವಿದೆ. ಕುಟುಂಬ ನಾಳೆ ಬಿಡುತ್ತದೋ ಇಲ್ಲವೋ ತಿಳಿಯದೆ ಅವನು ಬೇರೆಯವರಿಗೆ ಮಾತು ಕೊಡಲಾರ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಸಮಯದಲ್ಲಾದರೆ ಈ ಅನಿಶ್ಚಯದ ಬೆಲೆ ಇನ್ನೂ ಹೆಚ್ಚು. ಇಪ್ಪತ್ತಾರಕ್ಕೆ ಮನೆ ಖಾಲಿಯಾದಾಗ ಉಳಿದೆರಡು ರಾತ್ರಿಗಳು ಬರಿದಾಗಿ ಹೋದವು. ಆ ನಷ್ಟ ದಿನದ ದರದಲ್ಲಿ 3,000. ಇದನ್ನು ಕೇಳಲು ಅವನಿಗೆ ಹಕ್ಕಿದೆ. ಆದರೆ 3,000ದ ನಷ್ಟಕ್ಕೆ 12,000ವನ್ನು ಇಟ್ಟುಕೊಳ್ಳಲು ಯಾವ ಹಕ್ಕು? ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನಕ್ಕೆ ಮೊದಲ ಸ್ಥಾನ ಕೊಟ್ಟಿದ್ದಾರೆ. ನ್ಯಾಯವೆಂದರೆ ಇಲ್ಲಿ ಕರಾರು ಮಾತ್ರವಲ್ಲ. ಕರಾರಿನ ಒಳಗೇ ಉಳಿದು ಅನ್ಯಾಯದ ಧನ ಗಳಿಸುವ ದಾರಿಗಳು ವರ್ತಕರಿಗೆ ಚೆನ್ನಾಗಿಯೇ ಗೊತ್ತು.

ಪರಿಹಾರ ಕಷ್ಟದ್ದಲ್ಲ. ಕಡಿಮೆ ದಿನದ ವಾಸ್ತವ್ಯದ ಬಾಡಿಗೆ ಹೆಚ್ಚು ದಿನದ ವಾಸ್ತವ್ಯದ ಬಾಡಿಗೆಯನ್ನು ಎಂದೂ ಮೀರಬಾರದು ಎಂಬ ಒಂದು ಕಟ್ಟಳೆ ಸಾಕು. ವಾರದ ದರ 1,350ರಂತೆ ಇಪ್ಪತ್ತು ದಿನಕ್ಕೆ ಸರಿಯಾಗಿ 27,000 ಆಗುತ್ತದೆ. ಅಲ್ಲಿಂದ ಇಪ್ಪತ್ತೆಂಟನೆಯ ದಿನದವರೆಗೆ ಬಾಡಿಗೆ ನಿಲ್ಲಬೇಕು. ಲೆಕ್ಕವನ್ನು ಬರುವಾಗಿನ ಮಾತಿನ ಮೇಲಲ್ಲ, ಹೋಗುವಾಗ ಎಣಿಸಿದ ದಿನಗಳ ಮೇಲೆ ಮುಗಿಸಬೇಕು. ತಾಣದ ಯಂತ್ರಕ್ಕೆ ಇದು ತಿಳಿಯದಿದ್ದರೆ ಮಾಲೀಕನ ಕೈಗೆ ತಿಳಿಯುತ್ತದೆ, ಹೆಚ್ಚಾದುದನ್ನು ಹಿಂದಿರುಗಿಸಬಹುದು.

ಇದರ ಮರುಮುಖವೂ ಉಂಟು, ಮತ್ತು ಅದು ಇನ್ನೂ ಕಠಿಣ. ಬುದ್ಧಿವಂತನಾದ ಮತ್ತೊಬ್ಬ ಮಗ ರಿಯಾಯಿತಿಯನ್ನು ನೋಡಿ ಇಡೀ ತಿಂಗಳ 27,000 ಮುಂಗಡ ಕಟ್ಟುತ್ತಾನೆ. ಹನ್ನೊಂದನೆಯ ದಿನ ರೋಗಿ ತೀರಿಕೊಳ್ಳುತ್ತಾರೆ. ಕರಾರಿನ ಪ್ರಕಾರ ಹಣ ಹಿಂದಿರುಗಿಸಬೇಕಾಗಿಲ್ಲ ಎಂದಿಟ್ಟುಕೊಂಡರೂ, ಹನ್ನೊಂದು ದಿನದ ವಾಸ್ತವ್ಯಕ್ಕೆ ವಾರದ ದರದಲ್ಲಿ ಸಲ್ಲುವುದು 14,850. ಉಳಿದ 12,150 ಯಾವ ವಸ್ತುವಿನ ಬೆಲೆ? ಖಾಲಿಯಾದ ಮನೆಯನ್ನು ಮರುದಿನವೇ ಬೇರೆಯವರಿಗೆ ಕೊಟ್ಟರಂತೂ ಒಂದೇ ರಾತ್ರಿಯನ್ನು ಇಬ್ಬರಿಗೆ ಮಾರಿದಂತಾಗುತ್ತದೆ.

ಬಸದಿಗಳ ಟ್ರಸ್ಟುಗಳಿಗೆ ಈ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಅನೇಕ ಧರ್ಮಶಾಲೆಗಳಲ್ಲಿ ಮೂರು ದಿನಕ್ಕಿಂತ ಹೆಚ್ಚು ಇರಬಾರದೆಂಬ ನಿಯಮವಿದೆ. ಅಲ್ಲಿ ದೀರ್ಘವಾಸಕ್ಕೆ ರಿಯಾಯಿತಿಯಿಲ್ಲ, ತಡೆಯೇ ಇದೆ. ಯಾತ್ರಿಕರೆಲ್ಲರಿಗೂ ಸರದಿ ಸಿಗಲೆಂಬ ಉದ್ದೇಶ ಸಾಧುವಾದುದೇ. ಆದರೆ ಆಸ್ಪತ್ರೆಗಳ ಊರಿನಲ್ಲಿ ಅದೇ ನಿಯಮವನ್ನು ಯೋಚಿಸದೆ ಅನ್ವಯಿಸಿದರೆ ನಾಲ್ಕನೆಯ ದಿನ ರೋಗಿಯ ಮನೆಯವರು ಬೀದಿಗೆ ಬರುತ್ತಾರೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನೂ ದಾನಗಳಲ್ಲಿ ಸೇರಿಸಿರುವುದನ್ನು ಟ್ರಸ್ಟಿಗಳು ನೆನೆಯಬೇಕು. ಸರ್ಕಾರವೂ ತನ್ನ ರೀತಿಯಲ್ಲಿ ಇದನ್ನು ಗಮನಿಸಿದೆ: ನೋಂದಾಯಿತ ಧರ್ಮಾರ್ಥ ಸಂಸ್ಥೆಗಳು ದೇವಾಲಯದ ಆವರಣದಲ್ಲಿ ದಿನಕ್ಕೆ 1,000 ರೂಪಾಯಿಗಿಂತ ಕಡಿಮೆಗೆ ಕೊಡುವ ಕೊಠಡಿಗಳಿಗೆ ಜಿ.ಎಸ್.ಟಿ. ವಿನಾಯಿತಿ ಇದೆ. 2024ರ ಜುಲೈನಿಂದ, ತಿಂಗಳಿಗೆ ತಲಾ 20,000 ಮೀರದ ವಸತಿಗೂ ವಿನಾಯಿತಿ ದೊರೆತಿದೆ. ಆದರೆ ಕನಿಷ್ಠ 90 ದಿನ ನಿರಂತರವಾಗಿ ಇರಬೇಕು. ಕಾನೂನು ಕೂಡ ದಿನ ಗೊತ್ತಿರುವವನ ಕಡೆಗೇ ವಾಲುತ್ತದೆ ಎನ್ನಬೇಕಾಗಿದೆ.

ಮತ್ತೆ ಆ ಶ್ರಾವಕನ ಲೆಕ್ಕಕ್ಕೆ ಬಂದರೆ, ಅವನು ಹೃದಯವಂತ. ವಿಷಯ ಮನಸ್ಸಿಗೆ ತಟ್ಟಿದೊಡನೆ ಜಗಳೂರಿನ ಕುಟುಂಬಕ್ಕೆ ಹನ್ನೆರಡು ಸಾವಿರವನ್ನೂ ಹಿಂದಿರುಗಿಸಲು ನಿಶ್ಚಯಿಸುತ್ತಾನೆ. ಖಾತೆ ಪುಸ್ತಕದಲ್ಲಿ ಆ ಮೊತ್ತವನ್ನು ಧರ್ಮಾದಾಯದ ಖಾತೆಗೆ ಖರ್ಚು ಬರೆಯಲು ಲೇಖನಿ ಎತ್ತುತ್ತಾನೆ. ಇಲ್ಲಿಯೇ ಹಲವು ಸಜ್ಜನರು ಎಡವುವುದು. ಒಂಬತ್ತು ಸಾವಿರ ಅವನದಾಗಿರಲೇ ಇಲ್ಲ. ಅದನ್ನು ಕೊಟ್ಟರೆ ದಾನವಾಗದು, ಅಳತೆ ಸರಿಯಾಗುತ್ತದೆ ಅಷ್ಟೆ. ತನ್ನದಲ್ಲದ್ದನ್ನು ದಾನವೆಂದು ಬರೆದುಕೊಂಡರೆ ಅಳತೆಯ ದೋಷದ ಮೇಲೆ ಮಾನಕಷಾಯವೂ ಸೇರಿದಂತೆ. ಉಳಿದ ಮೂರು ಸಾವಿರ ಮಾತ್ರ ಅವನ ನ್ಯಾಯವಾದ ನಷ್ಟದ ಹಣ. ಅದನ್ನು ಬಿಟ್ಟುಕೊಟ್ಟರೆ ಅದು ದಾನ. ಆದುದರಿಂದ ಒಂಬತ್ತು ಸಾವಿರವನ್ನು ಬಾಡಿಗೆಯ ಖಾತೆಯಲ್ಲಿಯೇ ವಾಪಸಾತಿಯೆಂದು ತೋರಿಸಿ ಆದಾಯವನ್ನು ಅಷ್ಟಕ್ಕೆ ತಗ್ಗಿಸಬೇಕು. ಧರ್ಮಾದಾಯದ ಖಾತೆಗೆ ಮೂರು ಸಾವಿರ ಹೋಗಬಹುದು. ಹಣ ಕಳುಹಿಸುವಾಗ ಆ ಮಗನಿಗೆ ಬರೆಯುವ ಚೀಟಿಯಲ್ಲೂ ಸಹಾಯವೆಂಬ ಮಾತು ಬೇಡ. ಲೆಕ್ಕದಲ್ಲಿ ಹೆಚ್ಚು ಬಂದಿತ್ತು, ಹಿಂದಿರುಗಿಸಲಾಗಿದೆ ಎಂದಿರಲಿ.